ಪೋಕರ್ ಮೇಜಿನ ಮೇಲೆ ಚೌಕಾಸಿ

ಮೊದಲು ಖರ್ಚು ಹೇಳಿಬಿಡುತ್ತೇನೆ. ಖರ್ಚು ಹೇಳದೆ ಕತೆ ಹೇಳುವವರನ್ನು ನಾನು ನಂಬುವುದಿಲ್ಲ. ಮುನ್ನೂರು ಪೋಕರ್ ಬಿಲ್ಲೆಗಳಿರುವ ಅಲ್ಯೂಮಿನಿಯಂ ಪೆಟ್ಟಿಗೆ ಒಂದಕ್ಕೆ ಸಾವಿರದ ಒಂಬೈನೂರ ಐವತ್ತು ರೂಪಾಯಿ. ಅದರ ಜೊತೆಗೆ ಎರಡು ಕಟ್ಟು ಇಸ್ಪೀಟೆಲೆ ಪುಕ್ಕಟೆ. ಊಟದ ಮೇಜಿಗೆ ಹಾಸಲು ಎರಡೂವರೆ ಮೀಟರ್ ಹಸಿರು ಬಟ್ಟೆಗೆ ಮುನ್ನೂರ ಹತ್ತು. ಸದರ್ ಬಜಾರಿನ ಅಂಗಡಿಯಾತ ಪೆಟ್ಟಿಗೆಗೆ ಮೊದಲು ಕೇಳಿದ್ದು ನಾಲ್ಕು ಸಾವಿರದ ಇನ್ನೂರು. ನಾನು ಮುಚ್ಚಳ ತೆಗೆದು, ಒಂದು ಬಿಲ್ಲೆಯನ್ನು ಉಗುರಿನಿಂದ ಕೆರೆದು, "ಬಣ್ಣ ಹೋಗುತ್ತಲ್ಲ ಭಯ್ಯಾ" ಎಂದೆ. ಬಣ್ಣ ಹೋಗಿರಲಿಲ್ಲ. ಆಮೇಲೆ ಕೇರಂ ಬೋರ್ಡಿನ ಬೆಲೆ ಕೇಳಿದೆ, ಚದುರಂಗದ ಬೆಲೆ ಕೇಳಿದೆ, ಪೆಟ್ಟಿಗೆಯ ಕಡೆಗೆ ಬೆನ್ನು ತಿರುಗಿಸಿ "ಚಲೋ, ಇನ್ನೊಮ್ಮೆ ನೋಡೋಣ" ಎಂದು ಮೆಟ್ಟಿಲಿಳಿದೆ. ನನ್ನ ಅನುಭವದಲ್ಲಿ ಅಂಗಡಿಯವನು ಏಳನೆಯ ಹೆಜ್ಜೆಗೆ ಕರೆಯುತ್ತಾನೆ. ಹತ್ತು ದಾಟಿದರೂ ಕರೆಯಲಿಲ್ಲವೆಂದರೆ ಬೆಲೆ ನಿಜಕ್ಕೂ ಅಷ್ಟೇ ಎಂದು ತಿಳಿದು, ನಾಚಿಕೆ ಬಿಟ್ಟು ಹಿಂದಿರುಗಬೇಕು. ಈತ ಐದಕ್ಕೇ "ಬಾವೂಜಿ, ಸುನಿಯೇ ತೋ!" ಎಂದ. ಇಸ್ಪೀಟೆಲೆ ಪುಕ್ಕಟೆಯಾಗಿ ಬಂದದ್ದು ಆ ಎರಡು ಹೆಜ್ಜೆಯ ಅವಸರಕ್ಕೆ ನಾನು ಹಾಕಿದ ದಂಡ.

ಇಷ್ಟೆಲ್ಲ ಯಾಕೆ ಕೊಂಡೆ ಎಂದರೆ, ನನಗೆ ಗೆಳೆಯರು ಬೇಕಾಗಿದ್ದರು.

ನಗಬೇಡಿ. ನಾನು ದೆಹಲಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಮಾನೇಸರಿನ ಕಾರ್ಖಾನೆಗಳಿಗೆ ಬಿಡಿಭಾಗ ತುಂಬುವ ರಟ್ಟಿನ ಪೆಟ್ಟಿಗೆ ಒದಗಿಸುವುದು ನನ್ನ ದಂಧೆ. ಯಾರ ಹಂಗೂ ಇಲ್ಲದೆ, ಮೊದಲು ಬೇರೆಯವರ ಗೋಡೌನಿನಲ್ಲಿ ಪೆಟ್ಟಿಗೆ ಮಡಚುತ್ತಾ, ಆಮೇಲೆ ಮಡಚಿಸುತ್ತಾ ಮೇಲೆ ಬಂದವನು. ಘಾಜಿಯಾಬಾದಿನಲ್ಲಿ ಸ್ವಂತ ಫ್ಲ್ಯಾಟ್ ಇದೆ. ಅದನ್ನು ಎಷ್ಟಕ್ಕೆ ಕೊಂಡೆ ಎನ್ನುವುದನ್ನು ಬಿಲ್ಡರ್ ಇಂದಿಗೂ ನೆನೆಸಿಕೊಂಡು ನಿಟ್ಟುಸಿರಿಡುತ್ತಾನೆ ಎಂದು ಕೇಳಿದ್ದೇನೆ. ಹೀಗಿರುವಾಗ ನನಗೆ ಐವತ್ತು ತುಂಬಿತು. ಹೆಂಡತಿ ಸುಮಂಗಲಾ, "ರೀ, ಈ ಸಲ ನಾಲ್ಕು ಜನರನ್ನ ಊಟಕ್ಕೆ ಕರೀರಿ, ಹೋಳಿಗೆ ಮಾಡ್ತೀನಿ" ಎಂದಳು. ನಾನು ಗತ್ತಿನಿಂದ ಫೋನು ತೆಗೆದೆ. "ಗುಪ್ತಾ ರಟ್ಟು", "ಶರ್ಮಾ ಗೋಂದು", "ಟೆಂಪೊ ಕೆಂಪುಮೀಸೆ", "ಯಾದವ್ ದಾರ ಕಳ್ಳ", "ಪ್ಲಂಬರ್ ಹೊಸಬ", "ಪ್ಲಂಬರ್ ಅವನಿಗಿಂತ ಹೊಸಬ". ಹೆಸರುಗಳನ್ನು ಸರಿಸುತ್ತಲೇ ಇದ್ದೆ. ಸುಮಂಗಲಾ ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, "ನಿಮ್ಮ ಫೋನಲ್ಲಿ ಸಾಮಾನಿದೆ, ಜನ ಇಲ್ಲ" ಎಂದು ಹೂರಣ ರುಬ್ಬಲು ಹೋದಳು. ಆ ದಿನ ನಾನೊಬ್ಬನೇ ಆರು ಹೋಳಿಗೆ ತಿಂದೆ. ಹೊಟ್ಟೆ ತುಂಬಿತು. ಆದರೆ ಒಂದು ಸಂಜೆ ಕರೆದರೆ ಬರುವ, ಬಂದವರು ಮತ್ತೊಮ್ಮೆಯೂ ಬರುವ ಜನ ನನಗಿಲ್ಲ ಎನ್ನುವುದು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಸಾಮಾನು ಬೇಕಾದರೆ ಸಂಗ್ರಹಿಸುವ ಕ್ರಮ ನನಗೆ ಗೊತ್ತು. ಗೆಳೆಯರನ್ನೂ ಅದೇ ಕ್ರಮದಲ್ಲಿ ಸಂಗ್ರಹಿಸಲು ಹೊರಟೆ. ನಾಲ್ಕು ಜನ ವಾರವಾರ ಸೇರಬೇಕೆಂದರೆ ನಡುವೆ ಒಂದು ನೆಪ ಬೇಕು. ಇಲ್ಲಿ ದೀಪಾವಳಿ ಬಂತೆಂದರೆ ಮನೆಮನೆಯಲ್ಲೂ ಇಸ್ಪೀಟು. ನಾನು ಪೆಟ್ಟಿಗೆ ಮಾರುವ ಕಂಪನಿಗಳ ಪರ್ಚೇಸ್ ಮ್ಯಾನೇಜರುಗಳು ಕೂಡ ಈಗೀಗ ತೀನ್ ಪತ್ತಿ ಬಿಟ್ಟು ಪೋಕರ್ ಆಡುತ್ತಾರೆ. ನಾನು ಮಿಠಾಯಿ ಡಬ್ಬ ಕೊಡಲು ಹೋಗಿ, ನಿಂತು ನೋಡಿ ಬಂದಿದ್ದೇನೆ. ಕಾಲೇಜಿಗೆ ಹೋಗುವ ಮಗಳು ಅನು ಫೋನಿನಲ್ಲಿ ನೋಡಿಕೊಂಡು ಎರಡು ದಿನ ನನಗೆ ಆಟ ಕಲಿಸಿದಳು. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಪ್ರತಿಯೊಬ್ಬನಿಗೂ ಎರಡು ಎಲೆ, ಅವನಿಗೆ ಮಾತ್ರ ಕಾಣುವಂತೆ. ನಡುವೆ ಒಂದೊಂದಾಗಿ ಐದು ಎಲೆ, ಎಲ್ಲರಿಗೂ ಕಾಣುವಂತೆ. ನಿಮ್ಮ ಎಲೆ ಚೆನ್ನಾಗಿದೆ ಎಂದೋ, ಚೆನ್ನಾಗಿದೆ ಎಂದು ಇತರರನ್ನು ನಂಬಿಸಲೋ, ನೀವು ಬಿಲ್ಲೆಗಳನ್ನು ಮುಂದೆ ತಳ್ಳುತ್ತೀರಿ. ಅಷ್ಟೇ ಬಿಲ್ಲೆ ಹಾಕುವ ಧೈರ್ಯವಿದ್ದವನು ಆಟದಲ್ಲಿ ಉಳಿಯುತ್ತಾನೆ, ಇಲ್ಲದವನು ಎಲೆ ಬಿಸಾಡುತ್ತಾನೆ. ಕೇಳಿದ ತಕ್ಷಣ, ಇದು ನಾನು ಇಪ್ಪತ್ತಾರು ವರ್ಷದಿಂದ ಮಾಡುತ್ತಿರುವ ಕೆಲಸವೇ ಅಲ್ಲವೇ ಅನ್ನಿಸಿತು. ಸುಮಂಗಲಾ ಒಂದೇ ಷರತ್ತು ಹಾಕಿದಳು: "ಮನೆಯಲ್ಲಿ ದುಡ್ಡಿಟ್ಟು ಆಡಿದರೆ ನಾನು ಅಣ್ಣನ ಮನೆಗೆ ಹೋಗ್ತೀನಿ." ಹಾಗಾಗಿ ಬಿಲ್ಲೆ ಬರೀ ಬಿಲ್ಲೆ. ಕೊನೆಗೆ ಯಾರ ಬಳಿ ಕಡಿಮೆ ಉಳಿಯುತ್ತದೋ ಅವರು ಕಾಫಿ ಕಪ್ಪುಗಳನ್ನು ತೊಳೆಯಬೇಕು ಎಂದು ನಿಗದಿಯಾಯಿತು.

ಮೂವರನ್ನು ಹುಡುಕಿದೆ. ಮೊದಲನೆಯವನು ಇಮ್ತಿಯಾಜ್, ಮಾನೇಸರಿನ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಇಂಜಿನಿಯರ್. ನನ್ನ ಪೆಟ್ಟಿಗೆಗಳನ್ನು ಒದ್ದು ನೋಡಿ ತಿರಸ್ಕರಿಸುವುದೇ ಅವನ ಕೆಲಸ. ಒಂದು ದಿನ ಪೆಟ್ಟಿಗೆಯ ತಳ ಕಿತ್ತುಬಂದು ಅವನ ಕಾಲಿನ ಮೇಲೆ ಬೇರಿಂಗ್ ಬಿದ್ದಾಗ ಬಾಯಿಂದ ಬಂದ ಬೈಗುಳ ಅಚ್ಚಗನ್ನಡದಲ್ಲಿತ್ತು. ಬೈಸಿಕೊಂಡವನು ನಾನೇ ಆದರೂ ತಬ್ಬಿಕೊಂಡುಬಿಟ್ಟೆ. ಎರಡನೆಯವರು ಜೆಸಿಂತಾ ಮೇಡಂ, ಮಂಗಳೂರಿನವರು, ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಾರೆ, ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದಾರೆ. ಮೆಟ್ರೋದಲ್ಲಿ ಅವರು ಫೋನಿನಲ್ಲಿ "ಎಂತ ಸಾವು ಮಾರಾಯ್ತಿ" ಎಂದದ್ದು ಕಿವಿಗೆ ಬಿದ್ದು, ಇಳಿಯಬೇಕಾದ ಜಾಗ ಬಿಟ್ಟು ಎರಡು ನಿಲ್ದಾಣ ಮುಂದೆ ಹೋಗಿ ಪರಿಚಯ ಮಾಡಿಕೊಂಡೆ. ಮೂರನೆಯವನು ಪ್ರಶಾಂತ. ಮುಖರ್ಜಿ ನಗರದ ಒಂದು ಕೋಣೆಯಲ್ಲಿದ್ದುಕೊಂಡು ಐಎಎಸ್‌ನ ದೊಡ್ಡ ಪರೀಕ್ಷೆಗೆ ಓದುತ್ತಿದ್ದಾನೆ. ಮೂರು ಸಲ ಬರೆದಾಗಿದೆ. ಕನ್ನಡಿಗರ ಸಂಘದ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ. ಚಿತ್ರಾನ್ನ ಮುಗಿಯುವ ಮುಂಚೆ ಬಲಗಡೆಯ ಸಾಲಿಗೆ ಹಾರು ಎಂದು ನಾನು ಕೊಟ್ಟ ಸಲಹೆಯಿಂದ ಅವನಿಗೆ ಊಟ ಸಿಕ್ಕಿತ್ತು.

ಮೊದಲ ಭಾನುವಾರ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಬಂದರು. ನಾನು ಕೈ ಉಜ್ಜಿಕೊಂಡು, "ಇನ್ನು ಎಲೆ ಹಾಕೋಣ್ವಾ?" ಎಂದೆ. ಪ್ರಶಾಂತ ತಟ್ಟನೆ ಎದ್ದು ಹೋದವನು ಕೈ ತೊಳೆದುಕೊಂಡು ಬಂದು, ಒದ್ದೆ ಕೈಯನ್ನು ಮೇಜಿನಿಂದ ಮೇಲಕ್ಕೆ ಹಿಡಿದು ಬಾಳೆ ಎಲೆಗೆ ಕಾಯುತ್ತಾ ಕುಳಿತ. ಅವನ ಮುಂದೆ ಎರಡು ಇಸ್ಪೀಟೆಲೆ ಬಿದ್ದಾಗ ಆ ಮುಖ ನೋಡಬೇಕಿತ್ತು. ಸುಮಂಗಲಾ ಒಳಗಿನಿಂದ ಮರುಗಿ ಒಗ್ಗರಣೆ ಮಂಡಕ್ಕಿ ತಂದಿಟ್ಟಳು.

ಆಟ ಶುರುವಾಯಿತು. ನನಗೊಂದು ಅಭ್ಯಾಸವಿದೆ, ಇಷ್ಟವಾದ ಮಾಲನ್ನು ಬೈಯುವುದು. ಮೊದಲ ಕೈಯಲ್ಲೇ ಎರಡು ರಾಜ ಬಂತು. "ಛೇ, ಇದೆಂಥ ಎಲೆ ಹಾಕಿದಿಯೋ ಪ್ರಶಾಂತ, ಕೈಯಲ್ಲಿ ಹಿಡಿಯೋಕೂ ಲಾಯಕ್ಕಿಲ್ಲ" ಎಂದೆ. ಮೂವರೂ ಸ್ವಲ್ಪ ಬಿಲ್ಲೆ ಹಾಕಿ ಸೋತರು. ಎರಡನೆಯ ಸಲ ಒಳ್ಳೆಯ ಎಲೆ ಬಂದಾಗಲೂ ಬೈದೆ. ಇಮ್ತಿಯಾಜ್ ತನ್ನ ಎಲೆ ಬಿಸಾಡಿ ನಕ್ಕ. "ಎಲ್ರೂ ಬಿಸಾಡಿ. ವಿರೂಪಾಕ್ಷಣ್ಣ ಬೈದ್ರು ಅಂದ್ರೆ ಮಾಲು ಫಸ್ಟ್ ಕ್ಲಾಸ್ ಇದೆ. ರಟ್ಟು ಕೊಳ್ಳೋವಾಗ್ಲೂ ಹಿಂಗೇ. ನಮ್ಮ ಗೇಟಿನ ವಾಚ್‌ಮನ್‌ಗೂ ಗೊತ್ತು." ಎಲ್ಲರೂ ಬಿಸಾಡಿದರು. ನನಗೆ ಬಂದದ್ದು ಬರೀ ಆರು ಬಿಲ್ಲೆ.

ಮಾಲನ್ನು ಬೈಯುವುದು ಬಿಟ್ಟೆ. ಅದಾದ ಮೇಲೆ ನನಗೆ ಬಂದದ್ದು ಇಸ್ಪೀಟ್ ಎಕ್ಕ ಮತ್ತು ಆಟೀನ್ ಎಕ್ಕ. ಪೋಕರಿನಲ್ಲಿ ಮೊದಲಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಇಬ್ಬರು ಬಿಟ್ಟರು. ಜೆಸಿಂತಾ ಮೇಡಂ ಮಾತ್ರ ತಣ್ಣಗೆ ನಲವತ್ತು ಬಿಲ್ಲೆ ಮುಂದೆ ತಳ್ಳಿದರು. ಈಗ ನಾನೂ ನಲವತ್ತು ತಳ್ಳಬೇಕು. ಅಷ್ಟೇ. ಆದರೆ ಒಬ್ಬರು ಹೇಳಿದ ಬೆಲೆಯನ್ನು ಹೇಳಿದ ಹಾಗೆಯೇ ಕೊಟ್ಟು ನನಗೆ ಅಭ್ಯಾಸವಿಲ್ಲ.

"ನಲವತ್ತು ಜಾಸ್ತಿಯಾಯ್ತು ಮೇಡಂ. ಇಪ್ಪತ್ತೈದು ಮಾಡ್ಕೊಳ್ಳಿ."

"ಎಂತದು?"

"ಹೋಗ್ಲಿ, ಇಪ್ಪತ್ತೆಂಟು. ಇನ್ನು ಮೇಲೆ ಹೋಗಲ್ಲ."

"ಇದು ಬಂಗುಡೆ ಮೀನಲ್ಲ ಮಾರಾಯ್ರೆ. ನಲವತ್ತು ಹಾಕಿ, ಇಲ್ಲದಿದ್ರೆ ಎಲೆ ಬಿಡಿ."

ನಾನು ಎಲೆಗಳನ್ನು ಬೋರಲು ಹಾಕಿ, ಕುರ್ಚಿ ಹಿಂದೆ ಸರಿಸಿ, ಬೇಸರದ ಮುಖ ಮಾಡಿ ಅಡುಗೆಮನೆಯ ಕಡೆಗೆ ನಡೆದೆ. ಒಂದು, ಎರಡು, ಮೂರು. ಏಳನೆಯ ಹೆಜ್ಜೆಗೆ ಫ್ರಿಜ್ಜು ಬಂತು. ಸುಮಂಗಲಾ ಕಾಫಿ ಸೋಸುತ್ತಾ, "ಏನ್ರಿ, ಸೋತ್ರಾ?" ಎಂದಳು. "ಇಲ್ಲ, ತಾಳು, ಈಗ ಕರೀತಾರೆ" ಎಂದು ಪಿಸುಗುಟ್ಟಿದೆ. ಫ್ಲ್ಯಾಟು ಚಿಕ್ಕದು, ಹತ್ತನೆಯ ಹೆಜ್ಜೆಗೆ ಜಾಗವಿರಲಿಲ್ಲ, ನಿಂತಲ್ಲೇ ಕಾಲು ಎತ್ತಿಟ್ಟೆ. ಹೊರಗಿನಿಂದ ಬಂದದ್ದು ಬಿಲ್ಲೆಗಳ ರಾಶಿ ಎಳೆದುಕೊಳ್ಳುವ ಸದ್ದು. ಓಡಿಬಂದೆ. "ಎದ್ದವರು ಬಿಟ್ಟ ಹಾಗೆ" ಎಂದು ಮೇಡಂ ತಮ್ಮ ಎಲೆ ತಿರುಗಿಸಿ ತೋರಿಸಿದರು: ಒಂದು ಎರಡರ ಎಲೆ, ಒಂದು ಏಳರ ಎಲೆ. ಅಂದರೆ ಏನೂ ಇಲ್ಲ. ನಾನು ಎರಡು ಎಕ್ಕವನ್ನು ಮೇಜಿನ ಮೇಲೆ ಬಿಟ್ಟು ಫ್ರಿಜ್ಜಿನ ತನಕ ವಾಕಿಂಗ್ ಹೋಗಿ ಬಂದಿದ್ದೆ. ಇಮ್ತಿಯಾಜ್ ನಕ್ಕು ನಕ್ಕು ಮಂಡಕ್ಕಿ ನೆತ್ತಿಗೇರಿಸಿಕೊಂಡ.

ಇಲ್ಲಿಗೆ ನಿಂತಿದ್ದರೆ ಎಲ್ಲವೂ ಚೆನ್ನಾಗಿಯೇ ಇತ್ತು. ನಗು ಬಂದ ಮನೆಗೆ ಜನ ಮತ್ತೆ ಬರುತ್ತಾರೆ. ಆದರೆ ಸೋತವನ ಬಾಯಿ ಸುಮ್ಮನಿರುವುದಿಲ್ಲ. ಇಮ್ತಿಯಾಜ್ ಬಾಡಿಗೆ ಮಾತೆತ್ತಿದ. "ಎರಡು ಸಾವಿರ ಜಾಸ್ತಿ ಕೊಡ್ತಾ ಇದ್ದೀಯ, ನನ್ನ ಕೇಳಬೇಕಿತ್ತು" ಎಂದೆ. ಮೇಡಂ ಆಟೋಗೆ ನೂರ ಇಪ್ಪತ್ತು ಕೊಟ್ಟೆ ಎಂದರು. "ಎಂಬತ್ತಕ್ಕೆ ಬರ್ತಿತ್ತು" ಎಂದೆ. ಕೊನೆಯಲ್ಲಿ ಪ್ರಶಾಂತನ ಬಳಿ ಹತ್ತೋ ಹನ್ನೆರಡೋ ಬಿಲ್ಲೆ ಉಳಿದಿತ್ತು. ಹಾಕುವುದೋ ಬಿಡುವುದೋ ಎಂದು ಎಲೆ ನೋಡುತ್ತಿದ್ದ. ನಾನು ಪ್ರೀತಿಯಿಂದಲೇ, ಆಣೆಗೂ ಪ್ರೀತಿಯಿಂದಲೇ ಹೇಳಿದೆ: "ನೋಡಪ್ಪ, ಬುದ್ಧಿವಂತ ಅನ್ನಿಸಿಕೊಂಡವನು ಸೋಲೋ ಎಲೆ ಮೇಲೆ ಬಂಡವಾಳ ಹಾಕಲ್ಲ. ಪರೀಕ್ಷೆನೂ ಹಂಗೇ. ಮೂರು ಸಲ ಆಯ್ತು. ಎಲೆ ಬಿಸಾಡಿ ಏಳು. ನನ್ನ ಗೋಡೌನಿಗೆ ಬಾ, ಆರು ತಿಂಗಳಲ್ಲಿ ಲೈನು ಕಲಿಸ್ತೀನಿ."

ಪ್ರಶಾಂತ ನಕ್ಕ. ತನ್ನ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದ, ಸೋತ. ಐದು ಕಪ್ಪು ತೊಳೆದು, ಒರೆಸಿ, ಬೋರಲು ಹಾಕಿ, "ಬರ್ತೀನಿ ಅಣ್ಣ" ಎಂದು ಚಪ್ಪಲಿ ಮೆಟ್ಟಿಕೊಂಡ. ಎಷ್ಟು ವಿನಯದ ಹುಡುಗ ಎಂದುಕೊಂಡೆ. ಸುಮಂಗಲಾ ಮಾತ್ರ ಬಾಗಿಲು ಹಾಕಿ ನನ್ನನ್ನು ಒಂದು ಕ್ಷಣ ನೋಡಿ ಒಳಗೆ ಹೋದಳು.

ಎರಡನೆಯ ಭಾನುವಾರ ಇಮ್ತಿಯಾಜನಿಗೆ ಶಿಫ್ಟು ಇತ್ತು, ಮೇಡಂಗೆ ಉತ್ತರಪತ್ರಿಕೆ ತಿದ್ದುವುದಿತ್ತು, ಪ್ರಶಾಂತನಿಗೆ ಟೆಸ್ಟ್ ಇತ್ತು. ಮೂರನೆಯ ಭಾನುವಾರವೂ ಶಿಫ್ಟು, ಉತ್ತರಪತ್ರಿಕೆ, ಟೆಸ್ಟ್. ಹಸಿರು ಬಟ್ಟೆ ಹಾಸಿ ನಾಲ್ಕು ಗಂಟೆಯವರೆಗೆ ಕುಳಿತೆ. ಅನು ಮರುಕದಿಂದ ಎದುರು ಕುಳಿತು ಎರಡು ಕೈ ಆಡಿದಳು. "ಪಪ್ಪಾ, ಆಪ್ ಖೇಲ್ತೆ ಕಮ್ ಹೋ, ಬೋಲ್ತೆ ಜ್ಯಾದಾ ಹೋ" ಎಂದಳು. ಆಡುವುದು ಕಡಿಮೆ, ಮಾತು ಜಾಸ್ತಿ ಎಂದು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬೈಯುವುದು ಹಿಂದಿಯಲ್ಲಿ. ನಾನು ಬಿಲ್ಲೆಗಳನ್ನು ಬಣ್ಣಬಣ್ಣವಾಗಿ ಜೋಡಿಸಿ ಪೆಟ್ಟಿಗೆಯ ಚಿಲಕ ಹಾಕಿದೆ.

ನಾಲ್ಕನೆಯ ಭಾನುವಾರ ಮಧ್ಯಾಹ್ನ ಇಮ್ತಿಯಾಜನ ಫೋನು ಬಂತು. ಆ ಕಡೆ ಗಂಟಲು ಸರಿಮಾಡಿಕೊಳ್ಳುವುದೇ ಜಾಸ್ತಿ.

"ಅಣ್ಣ, ಅದು... ನಿಮ್ಮ ಬಿಲ್ಲೆ ಪೆಟ್ಟಿಗೆ ಒಂದಿನದ ಮಟ್ಟಿಗೆ ಸಿಗುತ್ತಾ?"

ನಿಧಾನವಾಗಿ ಹೊರಬಂತು. ಮೂವರೂ ಎರಡು ವಾರದಿಂದ ಜೆಸಿಂತಾ ಮೇಡಂ ಕ್ವಾರ್ಟರ್ಸಿನಲ್ಲಿ ಆಡುತ್ತಿದ್ದಾರೆ. ನನ್ನನ್ನು ಬಿಟ್ಟು. ಬಿಲ್ಲೆಗಳ ಬದಲು ಕಾಳು, ರಾಜ್ಮಾ ಒಂದಕ್ಕೆ ಹತ್ತು, ಕಾಬೂಲಿ ಕಡಲೆ ಒಂದಕ್ಕೆ ಐದು. ಈ ಸಲ ಅಡುಗೆಯಾಕೆ ಡಬ್ಬಿಯಲ್ಲಿದ್ದಷ್ಟನ್ನೂ ನೆನೆಹಾಕಿಬಿಟ್ಟಿದ್ದಾಳೆ. "ಪ್ರಶಾಂತ ಗೆದ್ದಿದ್ದೆಲ್ಲ ಸಾರಾಗಿ ಹೋಯ್ತಣ್ಣ" ಎಂದು ನಗಲು ಹೋಗಿ, ನಾನು ನಗದಿದ್ದುದರಿಂದ ನಿಲ್ಲಿಸಿದ.

ರಟ್ಟಿನ ಪೆಟ್ಟಿಗೆ ತಿರಸ್ಕೃತವಾಗಿ ವಾಪಸ್ಸು ಬಂದಾಗ ನನಗೆ ಕೋಪ ಬರುತ್ತದೆ. ಮಾಲಿಕನೇ ತಿರಸ್ಕೃತನಾದರೆ ಕೋಪ ಬರುವುದಿಲ್ಲ ಎಂದು ಅಂದು ಗೊತ್ತಾಯಿತು. ಆದರೂ ಇಪ್ಪತ್ತಾರು ವರ್ಷದ ಅಭ್ಯಾಸ ತಾನಾಗಿಯೇ ಮಾತಾಡಿತು.

"ಪೆಟ್ಟಿಗೆ ಕೊಡ್ತೀನಪ್ಪ. ಆದರೆ ಬಿಡಿಯಾಗಿ ಕೊಡಲ್ಲ. ಸೆಟ್ಟು."

"ಸೆಟ್ಟು ಅಂದ್ರೆ?"

"ಪೆಟ್ಟಿಗೆ ಜೊತೆ ನಾನು."

ಆ ಕಡೆ ಫೋನಿಗೆ ಕೈ ಮುಚ್ಚಿದ ಸದ್ದು, ಗುಸುಗುಸು. ಆಮೇಲೆ ಮೇಡಂ ಧ್ವನಿ: "ಬನ್ನಿ. ಮೂರು ಮಾತಿಗೆ ಒಪ್ಪಿದ್ರೆ. ಮೇಜಿನಲ್ಲಿ ಚೌಕಾಸಿ ಇಲ್ಲ. ಯಾರಿಗೂ ಸಲಹೆ ಇಲ್ಲ. ಆ ಹುಡುಗನ ಪರೀಕ್ಷೆಯ ಸುದ್ದಿ ನೀವು ಎತ್ತಲಿಕ್ಕೇ ಇಲ್ಲ."

ಬೇರೆ ದಿನವಾಗಿದ್ದರೆ ಮೂರು ಷರತ್ತನ್ನು ಒಂದೂವರೆಗೆ ಇಳಿಸುತ್ತಿದ್ದೆ. "ಆಯ್ತು" ಎಂದೆ.

"ಆಯ್ತಾ?" ಮೇಡಂಗೆ ಅನುಮಾನ ಬಂತು. "ಬರೀ ಆಯ್ತಾ?"

"ಆಯ್ತು ಮೇಡಂ."

"ಹಾಗಾದ್ರೆ ಕಪ್ಪು ತೊಳೆಯುವುದೂ ನೀವೇ. ಸೋತರೂ ಗೆದ್ದರೂ."

ನೋಡಿದಿರಾ? ಕೇಳಿದ ಬೆಲೆಗೆ ತಕ್ಷಣ ಒಪ್ಪಿದರೆ ಮಾರುವವರಿಗೆ ಕಡಿಮೆ ಹೇಳಿದೆನೇನೋ ಎನ್ನುವ ಸಂಕಟ ಶುರುವಾಗುತ್ತದೆ. ವ್ಯಾಪಾರಕ್ಕೆ ಇಳಿದವನು ಮೊದಲು ಕಲಿಯುವ ಪಾಠ. ಗೊತ್ತಿದ್ದೂ ಅದಕ್ಕೂ ಆಯ್ತು ಎಂದೆ.

ಆ ಭಾನುವಾರ ಆಡಿದೆ. ಬಾಯಿಗೆ ಕೆಲಸ ಕೊಡಲು ಲವಂಗ ಇಟ್ಟುಕೊಂಡಿದ್ದೆ. ಇಮ್ತಿಯಾಜ್ ಹೊಸ ಬೈಕಿಗೆ ಎಷ್ಟು ಕೊಟ್ಟೆ ಎಂದು ಹೇಳಿದಾಗ ಮೂರು ಲವಂಗ ಒಟ್ಟಿಗೆ ಅಗಿದೆ. ಪ್ರಶಾಂತ ನನ್ನ ಎದುರಿಗೇ ಕುಳಿತಿದ್ದ. ಎಲೆ ಹಂಚಿದ, ಗೆದ್ದ, ಸೋತ, ನನ್ನ ಕಡೆ ಮಾತ್ರ ನೋಡಲಿಲ್ಲ. ಆಟ ಮುಗಿದ ಮೇಲೆ ನಾನು ಸಿಂಕಿನ ಮುಂದೆ ನಿಂತೆ. ಎರಡನೆಯ ಕಪ್ಪಿಗೆ ಸೋಪು ಹಚ್ಚುವಾಗ ಪಕ್ಕದಲ್ಲಿ ಅವನು ಒರೆಸುವ ಬಟ್ಟೆ ಹಿಡಿದು ನಿಂತಿದ್ದ.

"ಅವತ್ತು ನಾನು ಹಾಗೆ ಅನ್ನಬಾರದಿತ್ತಪ್ಪ" ಎಂದೆ. ಇದು ಸಲಹೆಯಲ್ಲ, ಆದ್ದರಿಂದ ಷರತ್ತಿಗೆ ಭಂಗವಿಲ್ಲ.

ಅವನು ಕಪ್ಪಿನ ಒಳಗನ್ನು ತಿಕ್ಕಿ ತಿಕ್ಕಿ ಒರೆಸಿದ. "ನೀವು ಹೇಳಿದ್ದು ಹೊಸದೇನಲ್ಲ ಅಣ್ಣ. ಮನೆಯಿಂದ ಫೋನು ಬಂದಾಗಲೆಲ್ಲ ಅದೇ ಮಾತು. ವಾರದಲ್ಲಿ ಮೂರು ಗಂಟೆ ಅದು ನೆನಪಾಗಬಾರದು ಅಂತ ಬರ್ತೀನಿ. ಇಲ್ಲೂ ಅದೇ ಆದ್ರೆ ಎಲ್ಲಿಗೆ ಹೋಗ್ಲಿ?"

ಮುಂದಿನ ಕಪ್ಪು ಕೊಟ್ಟೆ. ಅವನು ಅದನ್ನೂ ಒರೆಸಿದ. ಬೋರಲು ಹಾಕುತ್ತಾ, "ಆ ಎರಡು ಎಕ್ಕ ಬಿಟ್ಟು ಹೋದ್ರಲ್ಲ, ಅವತ್ತು ರೂಮಿಗೆ ಹೋಗೋ ತನಕ ಒಬ್ಬನೇ ನಗ್ತಾ ಇದ್ದೆ ಮೆಟ್ರೋದಲ್ಲಿ" ಎಂದ. ಐದನೆಯ ಭಾನುವಾರ ಮೇಡಂ ಪೆಟ್ಟಿಗೆಯ ಸಂಗತಿ ಕೇಳಲಿಲ್ಲ, "ನೀವು ಎಷ್ಟೊತ್ತಿಗೆ ಬರ್ತೀರಿ?" ಎಂದು ಕೇಳಿದರು. ಆರನೆಯದಕ್ಕೆ ಎಲ್ಲರೂ ಘಾಜಿಯಾಬಾದಿಗೇ ಬಂದರು, ಸುಮಂಗಲಾ ಹೋಳಿಗೆ ಮಾಡಿದಳು, ನನ್ನ ಪಾಲಿಗೆ ಬಂದದ್ದು ಒಂದೇ.

ಮೇಜಿನಲ್ಲಿ ನನ್ನ ಬಾಯಿಗೆ ಬೀಗ ಬಿದ್ದಿರುವುದರಿಂದ, ಉಳಿದುಹೋದ ಸಲಹೆಗಳನ್ನು ನಿಮಗೆ ಕೊಡುತ್ತಿದ್ದೇನೆ, ತೆಗೆದುಕೊಳ್ಳಿ. ಬಿಲ್ಲೆ ಮುನ್ನೂರು ಸಾಕು, ಐನೂರರದ್ದು ಕೊಳ್ಳಬೇಡಿ, ಎತ್ತಿ ಓಡಾಡಿಸಿದರೆ ಭುಜ ನೋಯುತ್ತದೆ. ಹಸಿರು ಬಟ್ಟೆಯೇ ಆಗಬೇಕೆಂದಿಲ್ಲ, ದಪ್ಪನೆಯ ಹಳೆಯ ಬೆಡ್‌ಶೀಟಿನ ಮೇಲೂ ಎಲೆ ಅಷ್ಟೇ ಚೆನ್ನಾಗಿ ಜಾರುತ್ತದೆ. ತಿನ್ನಲು ಎಣ್ಣೆಯದನ್ನು ಇಡಬೇಡಿ, ಯಾವ ಎಲೆಗೆ ಯಾರ ಬೆರಳಚ್ಚು ಎಂದು ಎರಡನೆಯ ವಾರಕ್ಕೇ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಊಟದ ಹೊತ್ತಿಗೆ ಎಲೆ ಹಾಕೋಣವೇ ಎಂದು ಕೇಳಬೇಡಿ. ನಿಮ್ಮ ದಂಧೆಯ ಚಾಲಾಕಿಯನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಡಿ. ಯಾರಾದರೂ ಜಾಸ್ತಿ ಬೆಲೆ ಕೊಟ್ಟು ಬಂದು ಹೇಳಿದರೆ, ಚೆನ್ನಾಗಿದೆ ಎನ್ನಿ. ಎಲ್ಲಕ್ಕಿಂತ ಮುಖ್ಯ, ಕಪ್ಪುಗಳನ್ನು ನೀವೇ ತೊಳೆಯಿರಿ, ನಿಧಾನವಾಗಿ ತೊಳೆಯಿರಿ. ಒಬ್ಬರಲ್ಲ ಒಬ್ಬರು ಒರೆಸಲು ಬಂದು ನಿಲ್ಲುತ್ತಾರೆ. ಮೇಜಿನಲ್ಲಿ ಆಡದ ಮಾತು ಅಲ್ಲಿ ಆಡುತ್ತಾರೆ. ನಾನೀಗ ನಾಲ್ಕೈದು ಕಪ್ಪಿಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತೇನೆ. ಹೀಗಾಗಿ ಕ್ವಾರ್ಟರ್ಸಿನ ಪಾತ್ರೆ ಸೋಪು ಬೇಗ ಮುಗಿಯುತ್ತಿದೆ, ಇನ್ನು ಮೇಲೆ ಅದನ್ನೂ ನೀವೇ ತರಬೇಕು ಎಂದು ಮೇಡಂ ಮೊನ್ನೆ ಆಜ್ಞೆ ಮಾಡಿದ್ದಾರೆ. ಒಪ್ಪಿಕೊಂಡಿದ್ದೇನೆ. ಘಾಜಿಯಾಬಾದಿನಲ್ಲಿ ಎಲ್ಲಾದರೂ ಅದು ಸಗಟು ಬೆಲೆಗೆ ಸಿಗುವುದು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಆ ಮೂವರ ಮುಂದೆ ಮಾತ್ರ ಬೇಡ.